ಹಳೆಯ ಮನೆಯ ಸೀಸದ ಬಣ್ಣ: ಎಲ್ಲಿ ತೆಗೆಯಬೇಕು, ಎಲ್ಲಿ ಮುಟ್ಟದೆ ಬಿಡಬೇಕು

ಪ್ರಶ್ನೆ: ನಮ್ಮದು ಸುಮಾರು ನೂರು ವರ್ಷ ಹಳೆಯ, ಮರಗೆಲಸ ಹೆಚ್ಚಾಗಿರುವ ಮನೆ. ಹೆಬ್ಬಾಗಿಲಿನ ಚೌಕಟ್ಟಿನ ತುಂಬ ಕೆತ್ತನೆಯಿದೆ. ಆದರೆ ಅದರ ಮೇಲೆ ಎಷ್ಟು ಕೈ ಬಣ್ಣ ಬಿದ್ದಿದೆಯೆಂದರೆ ಹೂವು ಯಾವುದು, ಎಲೆ ಯಾವುದು ಎಂದು ಗುರುತಿಸುವುದೇ ಕಷ್ಟ. ಕಿಟಕಿಯ ಕದಗಳು ಚೌಕಟ್ಟಿಗೆ ಉಜ್ಜಿಕೊಂಡು ತೆರೆಯುತ್ತವೆ, ತೆರೆದಾಗಲೆಲ್ಲ ಕೆಳಗೆ ಪುಡಿ ಉದುರುತ್ತದೆ. ಮಗಳಿಗೆ ಎರಡು ವರ್ಷದ ಮಗುವಿದೆ, ಈಗ ಮತ್ತೆ ಗರ್ಭಿಣಿ. ಬಣ್ಣದಲ್ಲಿ ಸೀಸ ಇರಬಹುದೆಂಬ ಅನುಮಾನದಿಂದ ಒರೆಸಿ ನೋಡುವ ಕಿಟ್ ತಂದು ಪರೀಕ್ಷಿಸಿದೆವು, ಸೀಸ ಕಾಣಲಿಲ್ಲ. ಒಬ್ಬ ಗುತ್ತಿಗೆದಾರರು ಬ್ಲೋಲ್ಯಾಂಪ್ ಮತ್ತು ಗ್ರೈಂಡರ್ ಬಳಸಿ ಒಂದು ವಾರದಲ್ಲಿ ಎಲ್ಲವನ್ನೂ ಬರಿ ಮರಕ್ಕೆ ತರುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಕಿಟಕಿಗಳನ್ನು ಕಿತ್ತುಹಾಕಿ ಹೊಸವನ್ನು ಕೂರಿಸಿ ಎನ್ನುತ್ತಾರೆ. ನಮ್ಮ ಅಣ್ಣನವರು, "ನಾವೆಲ್ಲ ಇಲ್ಲಿಯೇ ಬೆಳೆದವರು, ಏನೂ ಆಗಿಲ್ಲ, ಮೇಲೊಂದು ಕೈ ಹೊಸ ಬಣ್ಣ ಹೊಡೆಸಿ ಸುಮ್ಮನಿರು" ಎನ್ನುತ್ತಾರೆ. ಯಾರ ಮಾತನ್ನು ಕೇಳಬೇಕು? ಕೆಲಸ ನಡೆಯುವಾಗ ಮನೆಯಲ್ಲಿಯೇ ಇರಬಹುದೇ?

ಉತ್ತರ: ಮೂವರೂ ನಿಮಗೆ ಹೇಳುತ್ತಿರುವುದು ಬಣ್ಣವನ್ನು ಏನು ಮಾಡಬೇಕೆಂದು. ಆದರೆ ನಿಮ್ಮ ಮೊಮ್ಮಗುವಿಗೆ ಅಪಾಯ ಬರುವುದು ಪುಡಿಯಿಂದ. ಮರಕ್ಕೆ ಗಟ್ಟಿಯಾಗಿ ಹಿಡಿದು ಕೂತಿರುವ ಸೀಸದ ಬಣ್ಣ ತನ್ನಷ್ಟಕ್ಕೆ ಯಾರ ದೇಹವನ್ನೂ ಸೇರುವುದಿಲ್ಲ. ಉಜ್ಜಿದಾಗ, ಸಿಪ್ಪೆಯೆದ್ದಾಗ, ಸುಟ್ಟಾಗ, ಮಗು ಕಚ್ಚಿದಾಗ ಅದು ದೇಹಕ್ಕೆ ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲಿ ಪುಡಿ ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಮೊದಲು ಪತ್ತೆ ಹಚ್ಚಿ, ಆ ಜಾಗಗಳಲ್ಲಿ ಮಾತ್ರ ಬಣ್ಣ ತೆಗೆದು, ಉಳಿದ ಕಡೆ ಇರುವುದನ್ನು ಭದ್ರಪಡಿಸುವುದೇ ಸರಿಯಾದ ದಾರಿ. ಮನೆಯ ಹಳೆಯ ಕೆಲಸವನ್ನು ಉಳಿಸಿಕೊಳ್ಳಲೂ ಇದೇ ದಾರಿ ಅನುಕೂಲವಾಗುತ್ತದೆ. ಹಳೆಯ ಮನೆಗಳ ಕೆಲಸದಲ್ಲಿ ಸುರಕ್ಷತೆ ಮತ್ತು ಸಂರಕ್ಷಣೆ ಸಾಮಾನ್ಯವಾಗಿ ಒಂದಕ್ಕೊಂದು ಅಡ್ಡ ಬರುತ್ತವೆ. ಇಲ್ಲಿ ಎರಡೂ ಒಂದೇ ಕಡೆಗಿವೆ.

ಮೊದಲು ಪರೀಕ್ಷೆಯ ವಿಷಯ. ಒರೆಸಿ ನೋಡುವ ಕಿಟ್‌ನಲ್ಲಿರುವ ರಾಸಾಯನಿಕವು ತನಗೆ ತಾಗಿದ ಪದರಕ್ಕೆ ಮಾತ್ರ ಪ್ರತಿಕ್ರಿಯಿಸುತ್ತದೆ. ನಿಮ್ಮ ಕಿಟಕಿಯ ಮೇಲ್ಪದರ ಈಚಿನದು, ಅದರಲ್ಲಿ ಸೀಸ ಇಲ್ಲದಿರಬಹುದು. ಸೀಸ ಇದ್ದರೆ ಅದು ಕೆಳಗಿನ ಪದರಗಳಲ್ಲಿರುತ್ತದೆ. ಆದ್ದರಿಂದ ನಿಮಗೆ ಬಂದ ಫಲಿತಾಂಶವನ್ನು "ಸೀಸವಿಲ್ಲ" ಎಂದು ಓದಬೇಡಿ. ಬಣ್ಣದ ಚಕ್ಕೆಯನ್ನು ಮರದವರೆಗೂ, ಎಲ್ಲ ಪದರಗಳೂ ಬರುವಂತೆ ಕತ್ತರಿಸಿ ಪ್ರಯೋಗಾಲಯಕ್ಕೆ ಕಳುಹಿಸುವುದು ಒಂದು ದಾರಿ. ಎಕ್ಸ್-ರೇ ಫ್ಲೋರೆಸೆನ್ಸ್ ಉಪಕರಣವನ್ನು ಮೇಲ್ಮೈಗೆ ಹಿಡಿದು ಅಳೆಸುವುದು ಇನ್ನೊಂದು. ಈ ಉಪಕರಣ ಬಣ್ಣಕ್ಕೆ ಗಾಯ ಮಾಡದೆ ಒಳಪದರಗಳ ಸೀಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆದ್ದರಿಂದ ಕೆತ್ತನೆಯಿರುವ ಕಡೆ ಇದೇ ಮೇಲು. ಅಮೆರಿಕದ ನಿಯಮಗಳ ಪ್ರಕಾರ ಒಂದು ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಅಥವಾ ತೂಕದಲ್ಲಿ ಶೇಕಡಾ 0.5 ಸೀಸವಿದ್ದರೆ ಅದನ್ನು ಸೀಸದ ಬಣ್ಣ ಎನ್ನುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೂ ಉಜ್ಜಿದರೆ ಪುಡಿಯಲ್ಲಿ ಸೀಸ ಬಂದೇ ಬರುತ್ತದೆ ಎಂಬುದು ನೆನಪಿರಲಿ.

ಎಲ್ಲಿ ಪರೀಕ್ಷಿಸಬೇಕೆಂಬುದಕ್ಕೆ ಬಣ್ಣದ ಜಾತಿ ಸುಳಿವು ಕೊಡುತ್ತದೆ. ಸೀಸದ ಬಿಳಿ, ಅಂದರೆ ಸೀಸದಿಂದ ಮಾಡಿದ ಬಿಳಿ ಬಣ್ಣದ ಪುಡಿ, ಎಣ್ಣೆಯೊಂದಿಗೆ ಸೇರಿ ಸಾಬೂನಿನಂಥ ಸಂಯುಕ್ತವಾಗಿ ಮಾರ್ಪಟ್ಟು ಗಟ್ಟಿಯಾದ, ಬಾಗಿದರೂ ಬಿರಿಯದ ಪದರವನ್ನು ಕೊಡುತ್ತಿತ್ತು. ಹಿಂದಿನ ಬಣ್ಣಗಾರರು ಅದನ್ನು ಇಷ್ಟಪಡುತ್ತಿದ್ದುದು ಇದಕ್ಕಾಗಿ. ಹೀಗಾಗಿ ಮರ ಮತ್ತು ಕಬ್ಬಿಣದ ಮೇಲಿನ ಎಣ್ಣೆ ಬಣ್ಣವೇ ಮೊದಲ ಶಂಕಿತ. ಕಿಟಕಿಯ ಸರಳುಗಳು, ಗ್ರಿಲ್ಲು, ಕಟಕಟೆಯ ಮೇಲೆ ತುಕ್ಕು ತಡೆಯಲು ಬಳಿದ ಕಿತ್ತಳೆಗೆಂಪು ತಳಬಣ್ಣವಂತೂ ಬಹಳ ಕಡೆ ಸೀಸದ ಕೆಂಪೇ ಆಗಿರುತ್ತದೆ. ಗಾಢ ಹಳದಿ ಮತ್ತು ಕೆಲವು ಹಸಿರು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಸುಣ್ಣ ಬಳಿದ ಗೋಡೆಯ ಬಗ್ಗೆ ಅಷ್ಟು ಚಿಂತೆ ಬೇಡ. ಅದೇ ಗೋಡೆಯ ಕೆಳಭಾಗಕ್ಕೆ ಎಣ್ಣೆ ಬಣ್ಣದ ಪಟ್ಟಿಯಿದ್ದರೆ ಅದನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಿ.

ಮನೆಗೆ ಕಡೆಯ ಬಾರಿ ಬಣ್ಣ ಹೊಡೆಸಿದ ವರ್ಷ ಯಾವುದೆಂದು ತಿಳಿದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಲದು. ಈ ಅಪಾಯ ಗೊತ್ತಾಗಿ ಶತಮಾನವೇ ಕಳೆದಿದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಜಾನ್ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯರು ಮಕ್ಕಳ ಸೀಸವಿಷಕ್ಕೆ ಮನೆಗಳ ಬಣ್ಣ ಬಳಿದ ಕಟಕಟೆಗಳೇ ಕಾರಣವೆಂದು 1904ರಲ್ಲಿಯೇ ಬರೆದರು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಬಣ್ಣಗಾರರ ರಕ್ಷಣೆಗಾಗಿ ಕಟ್ಟಡಗಳ ಒಳಗೆ ಸೀಸದ ಬಿಳಿಯ ಬಳಕೆಯನ್ನು ನಿರ್ಬಂಧಿಸುವ ಒಪ್ಪಂದ ಮಾಡಿತು. ಆದರೂ ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಭಾರತದಲ್ಲಿ 2016ರ ನಿಯಮ ಹೊಸ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗವೆಂದು ನಿಗದಿಪಡಿಸಿತು, ಮತ್ತು 2017ರ ನವೆಂಬರಿನಿಂದ ಅದಕ್ಕಿಂತ ಹೆಚ್ಚು ಸೀಸವಿರುವ ಬಣ್ಣದ ತಯಾರಿಕೆಯನ್ನು ನಿಷೇಧಿಸಿತು. ನೂರು ವರ್ಷದ ಮನೆಯಲ್ಲಿ ಕೊನೆಯ ಪದರದ ವಯಸ್ಸು ಏನೇ ಇರಲಿ, ಅದರ ಕೆಳಗಿನ ಪದರಗಳು ಯಾವ ನಿಯಮವನ್ನೂ ಕಂಡವಲ್ಲ.

ನಿಮ್ಮ ಅಣ್ಣನವರ ಮಾತು ಎಲ್ಲ ಮನೆಗಳಲ್ಲೂ ಕೇಳಿಬರುವಂಥದು, ಅದರಲ್ಲಿ ಅರ್ಧ ನಿಜವೂ ಇದೆ. ಅವರು ಬೆಳೆಯುವಾಗ ಬಣ್ಣ ಗಟ್ಟಿಯಾಗಿದ್ದಿರಬಹುದು, ಕಿಟಕಿಗಳು ಸಲೀಸಾಗಿ ತೆರೆಯುತ್ತಿದ್ದಿರಬಹುದು. ಆದರೆ "ಏನೂ ಆಗಿಲ್ಲ" ಎಂಬುದನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಲು ಬರುವುದಿಲ್ಲ. ಕಡಿಮೆ ಪ್ರಮಾಣದ ಸೀಸ ಮಗುವಿಗೆ ಜ್ವರ ತರುವುದಿಲ್ಲ, ಹೊಟ್ಟೆನೋವು ತರುವುದಿಲ್ಲ. ಅದು ಕಲಿಕೆ, ಗಮನ ಮತ್ತು ಬುದ್ಧಿಯ ಬೆಳವಣಿಗೆಯನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ, ಮತ್ತು ಹಾಗೆ ಕಳೆದುಕೊಂಡದ್ದನ್ನು ಯಾವ ಔಷಧಿಯೂ ಮರಳಿ ಕೊಡಲಾರದು. ದೇಹಕ್ಕೆ ಸುರಕ್ಷಿತವೆನ್ನಬಹುದಾದ ಸೀಸದ ಮಟ್ಟ ಯಾವುದೂ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿದ್ದರೆ ಇನ್ನೂ ಹೆಚ್ಚು. ಮಗು ಬಣ್ಣದ ಚಕ್ಕೆಯನ್ನೇ ತಿನ್ನಬೇಕೆಂದಿಲ್ಲ. ನೆಲದ ಪುಡಿ ಅಂಗೈಗೆ ಹತ್ತಿ, ಅಂಗೈ ಬಾಯಿಗೆ ಹೋದರೆ ಆಯಿತು. ನಿಮ್ಮ ಮಗಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಸೀಸ ಮೂಳೆಯಲ್ಲಿ ದಶಕಗಳ ಕಾಲ ಕೂಡಿಟ್ಟಂತೆ ಉಳಿದು, ಗರ್ಭಾವಸ್ಥೆಯಲ್ಲಿ ಕ್ಯಾಲ್ಸಿಯಂ ಜೊತೆಗೆ ರಕ್ತಕ್ಕೆ ಇಳಿದು ಭ್ರೂಣವನ್ನು ತಲುಪುತ್ತದೆ. ಅವರೂ ಇದೇ ಮನೆಯಲ್ಲಿ ಬೆಳೆದಿದ್ದರೆ ಅದನ್ನು ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಈಗ ಗ್ರೈಂಡರಿನ ಗುತ್ತಿಗೆದಾರರ ವಿಷಯ. ಅವರನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಒಂದು ಲೆಕ್ಕ ನೋಡಿ. ಸೀಸದ ಬಣ್ಣವೆನ್ನಲು ಬೇಕಾದ ಕನಿಷ್ಠ ಪ್ರಮಾಣ, ಅಂದರೆ ಚದರ ಸೆಂಟಿಮೀಟರಿಗೆ 1 ಮಿಲಿಗ್ರಾಂ ಮಾತ್ರ ಇದೆಯೆಂದುಕೊಳ್ಳೋಣ. ಆಗಲೂ ಒಂದು ಚದರ ಅಡಿ ಬಣ್ಣದಲ್ಲಿ ಸುಮಾರು 930 ಮಿಲಿಗ್ರಾಂ, ಎಂದರೆ 9 ಲಕ್ಷಕ್ಕೂ ಹೆಚ್ಚು ಮೈಕ್ರೋಗ್ರಾಂ ಸೀಸವಿರುತ್ತದೆ. ಇದನ್ನು ಪುಡಿಮಾಡಿ ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ನೆಲಕ್ಕೆ ಹರಡಿದರೆ ಪ್ರತಿ ಚದರ ಅಡಿಗೆ ಸುಮಾರು 9,300 ಮೈಕ್ರೋಗ್ರಾಂ ಬರುತ್ತದೆ. ಸೀಸದ ಬಣ್ಣ ತೆಗೆದ ಮನೆಯ ನೆಲ ಶುದ್ಧವಾಯಿತೆನ್ನಲು ಅಮೆರಿಕದಲ್ಲಿ ಇಟ್ಟಿದ್ದ ಮಿತಿ ಚದರ ಅಡಿಗೆ 10 ಮೈಕ್ರೋಗ್ರಾಂ, 2024ರ ನಿಯಮ ಅದನ್ನೂ 5ಕ್ಕೆ ಇಳಿಸಿತು. ಒಂದೇ ಒಂದು ಚದರ ಅಡಿ ಬಣ್ಣದ ಕತೆ ಇದು. ಇಡೀ ಮನೆಯ ಮರಗೆಲಸವನ್ನು ಒಂದು ವಾರ ಒಣದಾಗಿ ಉಜ್ಜಿದರೆ ಏನಾದೀತೆಂದು ನೀವೇ ಊಹಿಸಿ. ಬಣ್ಣ ಹಾಗೆಯೇ ಇದ್ದಾಗ ಸುರಕ್ಷಿತವಾಗಿದ್ದ ಮನೆಗಳು "ತೆಗೆಸಿದ" ಮೇಲೆ ಅಪಾಯಕಾರಿಯಾಗುವುದು ಹೀಗೆಯೇ.

ಬ್ಲೋಲ್ಯಾಂಪ್ ಇದಕ್ಕಿಂತ ಕೆಟ್ಟದ್ದು. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಬಿಸಿ ಏರಿದಂತೆ ಅದರ ಹೊಗೆಯೂ ಏಳತೊಡಗುತ್ತದೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಹೋದ ಆ ಹೊಗೆ ಬಹುಪಾಲು ನೇರವಾಗಿ ರಕ್ತಕ್ಕೆ ಸೇರುತ್ತದೆ. ಜ್ವಾಲೆ ತಾಗಿದ ಹಳೆಯ ಮರದ ಸಂದಿಯಲ್ಲಿರುವ ಧೂಳು ಒಳಗೊಳಗೇ ಹೊತ್ತಿಕೊಂಡು ಕೆಲಸಗಾರರು ಹೋದ ಮೇಲೆ ಬೆಂಕಿ ಏಳುವುದೂ ಉಂಟು. ಕೆತ್ತನೆಯ ಅಂಚುಗಳು ಸುಟ್ಟು ದುಂಡಗಾದರೆ ಅದನ್ನು ಯಾರೂ ಮತ್ತೆ ಚೂಪು ಮಾಡಲಾರರು. ಬಿಸಿಗಾಳಿ ಊದುವ ಹೀಟ್ ಗನ್ ಬಳಸುವುದಾದರೆ ಅದಕ್ಕೂ ಮಿತಿಯಿದೆ: ಸುಮಾರು 590 ಡಿಗ್ರಿ ಸೆಲ್ಸಿಯಸ್ ಮೀರಿದ್ದನ್ನು ಅಮೆರಿಕದ ನಿಯಮ ಸಂಪೂರ್ಣ ನಿಷೇಧಿಸುತ್ತದೆ. ನಾನಂತೂ ಅದಕ್ಕಿಂತ ಬಹಳ ಕೆಳಗೇ ನಿಲ್ಲಿಸಲು ಹೇಳುತ್ತೇನೆ. ಬಣ್ಣ ಮೆತ್ತಗಾದರೆ ಸಾಕು, ಗುಳ್ಳೆಯೆದ್ದು ಹೊಗೆಯಾಡಬಾರದು. ಅತಿಗೆಂಪು ಕಿರಣದ ಹೀಟರುಗಳು 200ರಿಂದ 300 ಡಿಗ್ರಿಯಲ್ಲಿ ಕೆಲಸ ಮಾಡುತ್ತವೆ, ಸಮತಟ್ಟಾದ ಕದ ಮತ್ತು ಹಲಗೆಗಳಿಗೆ ಅವು ಚೆನ್ನಾಗಿ ಒಗ್ಗುತ್ತವೆ. ಆದರೆ ಗಾಜಿನ ಪಕ್ಕದಲ್ಲಿ ಹಿಡಿದರೆ ಗಾಜು ಒಡೆಯುತ್ತದೆ.

ಎಲ್ಲಕ್ಕಿಂತ ನಿಧಾನವಾದದ್ದೂ ನಂಬಿಕಸ್ತವಾದದ್ದೂ ಒದ್ದೆಯ ವಿಧಾನ. ನೀರನ್ನು ಸಿಂಪಡಿಸಿ ಬಣ್ಣವನ್ನು ಒದ್ದೆಯಾಗಿಯೇ ಇಟ್ಟುಕೊಂಡು ಹರಿತವಾದ ಸ್ಕ್ರೇಪರಿನಿಂದ ಎಬ್ಬಿಸಬೇಕು, ಉಜ್ಜುವ ಕಾಗದವೂ ನೀರಿನಲ್ಲಿ ಬಳಸುವ ಜಾತಿಯದೇ ಇರಬೇಕು. ಹೆಪಾ ಶೋಧಕವಿರುವ ವ್ಯಾಕ್ಯೂಮಿಗೆ ನೇರವಾಗಿ ಜೋಡಿಸಿದ, ಸುತ್ತ ಮುಚ್ಚಿದ ಸ್ಯಾಂಡರಿಗೆ ವಿನಾಯಿತಿ ಉಂಟು. ಆ ಶೋಧಕ 0.3 ಮೈಕ್ರಾನ್ ಗಾತ್ರದ ಕಣಗಳನ್ನೂ ಶೇಕಡಾ 99.97ರಷ್ಟು ಹಿಡಿಯುತ್ತದೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರು ದಪ್ಪ ಧೂಳನ್ನು ಚೀಲದಲ್ಲಿ ಹಿಡಿದು, ಮಗುವಿಗೆ ಹೆಚ್ಚು ಅಪಾಯಕಾರಿಯಾದ ನಯವಾದ ಧೂಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ.

ಬಣ್ಣ ಕರಗಿಸುವ ರಾಸಾಯನಿಕಗಳು ಧೂಳೆಬ್ಬಿಸುವುದಿಲ್ಲ, ಆದರೆ ಅವುಗಳಲ್ಲೂ ಭೇದವಿದೆ. ಡೈಕ್ಲೋರೋಮೀಥೇನ್ ಇರುವವು ನಿಮಿಷಗಳಲ್ಲಿ ಕೆಲಸ ಮುಗಿಸುತ್ತವೆ. ಮುಚ್ಚಿದ ಕೋಣೆಗಳಲ್ಲಿ ಅದರ ಆವಿಯಿಂದ ಕೆಲಸಗಾರರು ಸತ್ತ ಪ್ರಕರಣಗಳಿವೆ, ಉಸಿರಿಗೆ ಹೋದದ್ದನ್ನು ದೇಹ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಗ್ರಾಹಕರಿಗೆ ಅದರ ಮಾರಾಟವನ್ನು ಅಮೆರಿಕ 2019ರಲ್ಲಿ ನಿಲ್ಲಿಸಿತು. ಬೆಂಜೈಲ್ ಆಲ್ಕೊಹಾಲ್ ಆಧಾರದ ಲೇಪಗಳು ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ಸಮಯ ಕೇಳುತ್ತವೆ, ಆದರೆ ಮರಕ್ಕೂ ಮನುಷ್ಯರಿಗೂ ಹೋಲಿಕೆಯಲ್ಲಿ ಸೌಮ್ಯ. ಕಾಸ್ಟಿಕ್ ಕ್ಷಾರದ ಲೇಪಗಳು ದಪ್ಪ ಎಣ್ಣೆ ಬಣ್ಣವನ್ನು ಚೆನ್ನಾಗಿ ಎಬ್ಬಿಸಿದರೂ ಗಟ್ಟಿಮರವನ್ನು ಕಪ್ಪಾಗಿಸುತ್ತವೆ, ನಾರನ್ನು ಎಬ್ಬಿಸುತ್ತವೆ. ತೊಳೆದು ಆಮ್ಲದಿಂದ ಸರಿದೂಗಿಸದಿದ್ದರೆ ಉಳಿದ ಕ್ಷಾರ ಮುಂದಿನ ವರ್ಷ ಹೊಸ ಬಣ್ಣವನ್ನು ಸಿಪ್ಪೆಯೆಬ್ಬಿಸುತ್ತದೆ. ಬಾಗಿಲನ್ನು ಕಳಚಿ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿ ತರುವ ಸೇವೆಗೆ ನಾನು ಎಂದೂ ಒಪ್ಪಿಗೆ ಕೊಟ್ಟಿಲ್ಲ. ಅಂಟಿನ ಕೂಡುಗಳು ಸಡಿಲವಾಗುತ್ತವೆ, ಒಣಗುವಾಗ ಹಲಗೆಗಳು ಸೊಟ್ಟಗಾಗುತ್ತವೆ, ಮರದ ಆಳಕ್ಕೆ ಹೋದ ಕ್ಷಾರ ಹೊರಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮ ಕಿಟಕಿಗಳಿಗೆ ಬರೋಣ. ನಿಮ್ಮ ಮನೆಯಲ್ಲಿ ಸೀಸದ ನಿಜವಾದ ಕಾರ್ಖಾನೆ ಅಲ್ಲಿದೆ. ಕದದ ಅಂಚು ಮತ್ತು ಚೌಕಟ್ಟಿನ ತಟ್ಟು ಒಂದಕ್ಕೊಂದು ತಿಕ್ಕುವ ಕಡೆ ಪ್ರತಿ ಬಾರಿ ತೆರೆದಾಗ, ಮುಚ್ಚಿದಾಗ ಪುಡಿ ಹುಟ್ಟುತ್ತದೆ. ಇಂಥ ಮೇಲ್ಮೈಗಳಿಗೆ ಅಣ್ಣನವರ ಒಂದು ಕೈ ಹೊಸ ಬಣ್ಣ ಏನೂ ಮಾಡಲಾರದು. ಪದರ ದಪ್ಪವಾದಷ್ಟೂ ತಿಕ್ಕಾಟ ಹೆಚ್ಚುತ್ತದೆ, ಎರಡು ತಿಂಗಳಲ್ಲಿ ಹೊಸದೂ ಹಳೆಯದೂ ಸೇರಿ ಉದುರುತ್ತವೆ. ಕದಗಳನ್ನು ಕೀಲಿನಿಂದ ಬಿಡಿಸಿ ಮನೆಯಿಂದ ಹೊರಗೆ, ಬಡಗಿಯ ಶೆಡ್ಡಿಗೆ ಒಯ್ದು, ಅಂಚುಗಳನ್ನು ಮಾತ್ರ ಒದ್ದೆಯಾಗಿ ಬರಿ ಮರಕ್ಕೆ ತರಬೇಕು. ಚೌಕಟ್ಟಿನಲ್ಲಿ ಕದ ಕೂರುವ ತಟ್ಟನ್ನು ಸ್ಥಳದಲ್ಲೇ, ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ, ಹಾಗೆಯೇ ತೆಗೆಯಬೇಕು. ಸಡಿಲವಾದ ಕೀಲುಗಳನ್ನು ಬಿಗಿಮಾಡಿ, ಜೋತುಬಿದ್ದ ಕದವನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಎರಡು ಮಿಲಿಮೀಟರಿನಷ್ಟು ಸಂದು ಬಿಟ್ಟರೆ ತಿಕ್ಕಾಟವೇ ಇರುವುದಿಲ್ಲ. ಎಷ್ಟೋ ಕಡೆ ಬಣ್ಣದ ಸಮಸ್ಯೆಯೆಂದು ಕರೆದರೂ ಅಲ್ಲಿ ಬೇಕಿದ್ದದ್ದು ಕೀಲಿನ ರಿಪೇರಿ, ಅಥವಾ ಮರವನ್ನು ಉಬ್ಬಿಸುತ್ತಿದ್ದ ಸೋರಿಕೆಯ ದುರಸ್ತಿ. ಒದ್ದೆಯಾಗುವ ಮರದ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲವಾದ್ದರಿಂದ ಸೋರಿಕೆಯನ್ನು ಮೊದಲು ನೋಡಿಸಿ.

ಕದದ ಸಮತಟ್ಟಾದ ಮುಖದಲ್ಲಿ ಬಣ್ಣ ಗಟ್ಟಿಯಾಗಿದ್ದರೆ ಅದನ್ನು ತೊಳೆದು, ಹೊಳಪನ್ನು ಒದ್ದೆ ಕಾಗದದಿಂದ ಮಂದ ಮಾಡಿ, ಮೇಲೆ ಒಳ್ಳೆಯ ಬಣ್ಣ ಕೊಡುವುದು ತಪ್ಪಲ್ಲ. ಅಲ್ಲಿ ನಿಮ್ಮ ಅಣ್ಣನವರ ಮಾತೇ ಸರಿ. ಸೀಸವನ್ನು ಒಳಗೇ ಬಂಧಿಸಿಡಲೆಂದು ಮಾಡಿದ ದಪ್ಪ ಲೇಪಗಳೂ ಇವೆ. ಅವುಗಳ ಆಯುಷ್ಯ ಕೆಳಗಿನ ಪದರದ ಹಿಡಿತವನ್ನು ಅವಲಂಬಿಸಿರುತ್ತದೆ, ಮತ್ತು ಸೂಕ್ಷ್ಮ ಕೆತ್ತನೆಯ ಮೇಲೆ ಬಳಿದರೆ ವಿವರವೆಲ್ಲ ಮುಚ್ಚಿಹೋಗುತ್ತದೆ. ಮಗು ನಿಂತು ಹಲ್ಲು ಊರುವ ಎತ್ತರದಲ್ಲಿರುವ ಕಿಟಕಿಯ ಕೆಳಹಲಗೆಗೆ ಮಾತ್ರ ಈ ಯಾವ ಮುಚ್ಚುವಿಕೆಯೂ ಬೇಡ. ಅಲ್ಲಿ ಬಣ್ಣ ಪೂರ್ತಿ ಹೋಗಬೇಕು, ಇಲ್ಲವೇ ತೆಳುವಾದ ಮರ ಅಥವಾ ಲೋಹದ ಹೊದಿಕೆ ಬರಬೇಕು. ಮೆಟ್ಟಿಲಿನ ತುಳಿಯುವ ಮುಖಕ್ಕೂ ಇದೇ ಮಾತು.

ಕಿಟಕಿ ಬದಲಿಸುವ ಸಲಹೆ ತಪ್ಪೆಂದು ಹೇಳಲಾರೆ. ಗೆದ್ದಲು ತಿಂದು ಟೊಳ್ಳಾದ ಕಿಟಕಿಗೆ ಬೇರೆ ದಾರಿಯಿಲ್ಲ. ಆದರೆ ಗೋಡೆಯಿಂದ ಚೌಕಟ್ಟನ್ನು ಕೀಳುವ ಕೆಲಸವೇ ದೊಡ್ಡ ಪ್ರಮಾಣದ ಸೀಸದ ಧೂಳನ್ನು ಎಬ್ಬಿಸುತ್ತದೆ, ಆದ್ದರಿಂದ ಸುರಕ್ಷತೆಯ ಖರ್ಚು ಅಲ್ಲಿ ಉಳಿಯುವುದಿಲ್ಲ. ನಿಮ್ಮ ಕಿಟಕಿಯ ಮರ ನಿಧಾನವಾಗಿ ಬೆಳೆದ ಹಳೆಯ ಮರದ ಒತ್ತಾದ ತಿರುಳು, ಅಂಥದು ಇಂದು ಸುಲಭವಾಗಿ ಸಿಗುವುದಿಲ್ಲ. ಅಂಚು ಸರಿಪಡಿಸಿದ ಹಳೆಯ ಕಿಟಕಿ ಇನ್ನೂ ಹಲವು ದಶಕ ಬಾಳುತ್ತದೆ.

ಹೆಬ್ಬಾಗಿಲನ್ನು ಕೊನೆಗೆ ಉಳಿಸಿಕೊಳ್ಳಿ, ಅವಸರ ಬೇಡ. ಕೆತ್ತನೆಯಲ್ಲಿ ಬಣ್ಣ ಗಟ್ಟಿಯಾಗಿದ್ದರೆ ಮಗುವಿನ ಆರೋಗ್ಯದ ದೃಷ್ಟಿಯಿಂದ ಅಲ್ಲಿ ತುರ್ತಿಲ್ಲ. ಅದು ಅಂದದ ಪ್ರಶ್ನೆ, ಚರಿತ್ರೆಯ ಪ್ರಶ್ನೆ. ಮೊದಲ ಬಾರಿ ಅದಕ್ಕೆ ಬಣ್ಣವಿತ್ತೇ, ಬರಿ ಎಣ್ಣೆ ಹಚ್ಚಿದ್ದರೇ ಎಂಬುದನ್ನು ಆ ಪದರಗಳೇ ಹೇಳಬಲ್ಲವು. ಸಣ್ಣ ಚಕ್ಕೆಯೊಂದನ್ನು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಪದರ, ನಡುವೆ ಕೂತ ಕೊಳೆಯ ಗೆರೆ ಎಲ್ಲವೂ ಕಾಣುತ್ತದೆ. ಆದ್ದರಿಂದ ತೆಗೆಯುವ ಮೊದಲು ಛಾಯಾಚಿತ್ರ ತೆಗೆಸಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲದ ಜಾಗದಲ್ಲಿ ಎಲ್ಲ ಪದರಗಳನ್ನೂ ಹಾಗೆಯೇ ಉಳಿಸಿ. ಲೇಪವನ್ನು ಮೊದಲು ಮರೆಯ ಜಾಗದಲ್ಲಿ ಪ್ರಯೋಗಿಸಿ, ಮರದ ಬಣ್ಣ ಬದಲಾಗಲಿಲ್ಲವೆಂದು ಖಚಿತವಾದ ಮೇಲೆ ಸ್ವಲ್ಪಸ್ವಲ್ಪವಾಗಿ ಮುಂದುವರಿಯಲು ಹೇಳಿ. ಬಿದಿರು ಅಥವಾ ಮರದ ಕಡ್ಡಿಯಿಂದ ಬಣ್ಣ ಎಬ್ಬಿಸಬೇಕು. ತಂತಿಯ ಬ್ರಷ್ಷು, ಉಕ್ಕಿನ ಮೊನೆ ಕೆತ್ತನೆಯ ಹತ್ತಿರ ಬರಬಾರದು. ಆಳದ ಸಂದುಗಳಲ್ಲಿ ಸ್ವಲ್ಪ ಬಣ್ಣ ಉಳಿದರೆ ಉಳಿಯಲಿ. ಪೂರ್ತಿ ಬರಿ ಮರ ಬೇಕೆಂಬ ಹಟದಲ್ಲಿ ಉಳಿಯ ಗುರುತುಗಳೇ ಮಾಸಿಹೋಗಿ, ಯಂತ್ರದಲ್ಲಿ ಅಚ್ಚುಹಾಕಿದಂತೆ ಕಾಣುವ ಬಾಗಿಲುಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಕೆಲಸದ ಜಾಗದಿಂದ ಪೀಠೋಪಕರಣ, ಪರದೆ, ಚಾಪೆಗಳೆಲ್ಲ ಮೊದಲೇ ಹೊರಗೆ ಹೋಗಿರಬೇಕು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ ಅಂಚುಗಳನ್ನು ಟೇಪಿನಿಂದ ಅಂಟಿಸಿ, ಬಾಗಿಲಿಗೆ ಎರಡು ಹಾಳೆಗಳ ಪರದೆ ಕಟ್ಟಬೇಕು, ಫ್ಯಾನು ಮತ್ತು ಏಸಿ ನಿಲ್ಲಿಸಬೇಕು. ಕೆಲಸಗಾರರಿಗೆ ಬಟ್ಟೆಯ ಮಾಸ್ಕ್ ಸಾಲದು, ಪಿ100 ದರ್ಜೆಯ ಶೋಧಕವಿರುವ ಉಸಿರುಕವಚ ಬೇಕು. ಅವರು ಕೆಲಸದ ಉಡುಪಿನಲ್ಲಿಯೇ ಮನೆಗೆ ಹೋದರೆ ಅವರ ಮಕ್ಕಳಿಗೂ ಧೂಳು ತಲುಪುತ್ತದೆ. ಕೆರೆದ ಬಣ್ಣವನ್ನು ಚೀಲದಲ್ಲಿ ಕಟ್ಟಿ ಅಪಾಯಕಾರಿ ತ್ಯಾಜ್ಯದ ವ್ಯವಸ್ಥೆಗೆ ಕೊಡಬೇಕು, ಸುಡಬಾರದು. ಹೊರಗೋಡೆಗೆ ಒತ್ತಡದ ನೀರು ಹಾಯಿಸಿ ಬಣ್ಣ ಎಬ್ಬಿಸಲು ಬಿಡಬೇಡಿ. ಅದೆಲ್ಲ ಗೋಡೆಯ ಬುಡದ ಮಣ್ಣಿಗೆ ಸೇರಿ ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ.

ಕೆಲಸ ನಡೆಯುವಾಗ ಮನೆಯಲ್ಲಿ ಇರಬಹುದೇ ಎಂದು ಕೇಳಿದ್ದೀರಿ. ಮಗು ಮತ್ತು ನಿಮ್ಮ ಮಗಳು ಇರಲೇಬಾರದು, ಹಗಲಿಗೆ ಹೊರಗೆ ಹೋಗಿ ರಾತ್ರಿ ಮರಳುವುದೂ ಬೇಡ. ಕೆಲಸ ಮುಗಿದ ಮೇಲೆ ಹೆಪಾ ವ್ಯಾಕ್ಯೂಮ್, ಸಾಬೂನು ನೀರಿನ ಒರೆಸು, ಮತ್ತೆ ವ್ಯಾಕ್ಯೂಮ್ ಈ ಕ್ರಮದಲ್ಲಿ ಶುದ್ಧಗೊಳಿಸಿ, ನೆಲ ಮತ್ತು ಕಿಟಕಿಯ ಕೆಳಹಲಗೆಯಿಂದ ಒರೆಸಿ ತೆಗೆದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ. ಆ ವರದಿ ಬರುವವರೆಗೆ ಅವರು ಮರಳಿ ಬರುವುದು ಬೇಡ. ಗುತ್ತಿಗೆದಾರರ ಕೊನೆಯ ಕಂತನ್ನು ಆ ವರದಿಗೆ ಜೋಡಿಸಿದ ಒಪ್ಪಂದ ಮಾಡಿಕೊಂಡರೆ ಶುದ್ಧಗೊಳಿಸುವ ಕೆಲಸ ತಾನಾಗಿಯೇ ಶ್ರದ್ಧೆಯಿಂದ ನಡೆಯುತ್ತದೆ. ಕೆಲಸ ಆರಂಭವಾಗುವವರೆಗೂ ಆ ಕಿಟಕಿಗಳನ್ನು ಮುಚ್ಚಿಯೇ ಇಟ್ಟು, ಕೆಳಗಿನ ಪುಡಿಯನ್ನು ಒಣಪೊರಕೆಯಿಂದ ಗುಡಿಸದೆ ದಿನವೂ ಒದ್ದೆ ಬಟ್ಟೆಯಿಂದ ಒರೆಸಿ, ಮಗುವಿನ ಕೈಯನ್ನು ಊಟಕ್ಕೆ ಮೊದಲೂ ಮಲಗುವ ಮೊದಲೂ ತೊಳೆಯಿರಿ.

ಇವೆಲ್ಲಕ್ಕಿಂತ ಮೊದಲು, ಈ ವಾರವೇ, ಮಗುವಿಗೂ ಮಗಳಿಗೂ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಮೂಲವನ್ನು ಹುಡುಕಿ ಕ್ರಮ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಮೆರಿಕದಲ್ಲಿ 2021ರಿಂದ ಮಕ್ಕಳಿಗೆ 3.5 ಬಂದರೂ ಗಮನಿಸುತ್ತಾರೆ. ಬೆರಳಿನಿಂದ ತೆಗೆದ ರಕ್ತದಲ್ಲಿ ಹೆಚ್ಚು ಕಂಡರೆ ಗಾಬರಿಯಾಗಬೇಡಿ. ಚರ್ಮದ ಮೇಲಿನ ಧೂಳು ಬೆರೆತೂ ಹಾಗಾಗಬಹುದು, ರಕ್ತನಾಳದಿಂದ ತೆಗೆದ ಮಾದರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ರಕ್ತದಲ್ಲಿನ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕಾಗುವುದರಿಂದ, ಕೆಲಸ ಮುಗಿದು ಎರಡು ಮೂರು ತಿಂಗಳಾದ ಮೇಲೆ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಸಂಖ್ಯೆ ಇಳಿಯದಿದ್ದರೆ ಪುಡಿ ಇನ್ನೆಲ್ಲಿಂದಲೋ ಬರುತ್ತಿದೆ ಎಂದರ್ಥ. ಆಗ ಕಬ್ಬಿಣದ ಸರಳುಗಳು, ಮೆಟ್ಟಿಲು ಮತ್ತು ಗೋಡೆಯ ಬುಡದ ಮಣ್ಣನ್ನು ಪರೀಕ್ಷಿಸಿ.